ಅದು ಈಗ ಬರೋದಿಲ್ಲ, ಸಾರ್

ಪುಣೆಯಲ್ಲಿ ‘ಆತಾ ಯೇತ್ ನಾಹೀ’, ದಿಲ್ಲಿಯಲ್ಲಿ ‘ಅಬ್ ನಹೀಂ ಆತಾ’. ಹಳೆಯ ಸೈಕಲ್ಲಿಗೆ ಟೈರು ಕೇಳಿಕೊಂಡು ಗಾಜಿನ ಬಾಗಿಲಿನ ಶೋರೂಮಿಗೆ ಹೋಗಿ ನೋಡಿ, ಭಾಷೆ ಬೇರೆ, ಉತ್ತರ ಒಂದೇ: ಅದು ಈಗ ಬರೋದಿಲ್ಲ. ಬಹುಪಾಲು ಹಳೆಯ ಸೈಕಲ್ಲುಗಳ ವಿಷಯದಲ್ಲಿ ಈ ಮಾತು ಶುದ್ಧ ಸುಳ್ಳು. ‘ನಾನು ಇಡೋದಿಲ್ಲ’ ಎನ್ನಲಿ, ನನ್ನ ತಕರಾರಿಲ್ಲ. ಯಾವುದು ಲಾಭವೋ ಅದನ್ನು ಮಾರುವುದು ಅಂಗಡಿಯವನ ಹಕ್ಕು. ಆದರೆ ತಾನು ಇಡದ ವಸ್ತು ಜಗತ್ತಿನಲ್ಲೇ ಇಲ್ಲ ಎಂದು ಹೇಳಿ, ಅದೇ ಉಸಿರಿನಲ್ಲಿ ಮೂವತ್ತು ಸಾವಿರದ ಹೊಸ ಸೈಕಲ್ಲಿನ ಕಡೆ ಕೈ ತೋರಿಸುವುದಿದೆಯಲ್ಲ, ಅದಕ್ಕೆ ವ್ಯಾಪಾರ ಅನ್ನುವುದಿಲ್ಲ.

ನನ್ನದು ಅಪ್ಪನ ಕಾಲದ ಕಪ್ಪು ಸೈಕಲ್. ರಾಡ್ ಬ್ರೇಕು, 24 ಇಂಚಿನ ಫ್ರೇಮು, 28 ಇಂಚಿನ ಗಾಲಿ. ಒಂದು ಅಂಗಡಿಯಲ್ಲಿ ‘ಬಾಲ್ಕನಿಯಲ್ಲಿಟ್ಟು ಹೂವಿನ ಕುಂಡ ಜೋಡಿಸಿ’ ಎಂದರು. ಇನ್ನೊಂದರಲ್ಲಿ 28 ಎಂದು ಬರೆದಿದ್ದ ಟೈರೊಂದನ್ನು ತಂದು, ಲಿವರ್ ಹಾಕಿ ಹತ್ತು ನಿಮಿಷ ಮೀಟಿ, ಕೊನೆಗೆ ‘ನಿಮ್ಮ ರಿಮ್ಮೇ ಡೊಂಕು’ ಎಂದು ತೀರ್ಪು ಕೊಟ್ಟರು. ರಿಮ್ಮಿಗೆ ಏನೂ ಆಗಿರಲಿಲ್ಲ. ಆಗಿದ್ದು ಲೆಕ್ಕದ ಗೊಂದಲ.

ಈ ಗೊಂದಲವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸುಳ್ಳು ನಿಂತಿರುವುದೇ ಇದರ ಮೇಲೆ. ಸೈಕಲ್ ಟೈರಿನ ಇಂಚು ನಿಜವಾದ ಇಂಚಲ್ಲ. 28 ಇಂಚು ಎನ್ನುವುದು ಹಿಂದೊಮ್ಮೆ ಟೈರಿನ ಹೊರ ಅಳತೆ ಅಂದಾಜು ಎಷ್ಟಿತ್ತು ಎಂಬುದರ ನೆನಪು ಮಾತ್ರ. ನಿಜವಾದ ಅಳತೆ ಟೈರಿನ ಪಕ್ಕೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ: 40-635. ಮೊದಲ ಅಂಕಿ ಟೈರಿನ ಅಗಲ. ಎರಡನೆಯದು ಟೈರಿನ ಒಳಗಿನ ತಂತಿಯ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ನಮ್ಮ ಹಾಲಿನವರ, ಪೋಸ್ಟ್‌ಮ್ಯಾನರ ಸೈಕಲ್ಲಿನ 28 x 1½ ಎಂದರೆ 635. ಇವತ್ತಿನ ಹೈಬ್ರಿಡ್ ಸೈಕಲ್ಲಿನ 700ಸಿ ಎಂದರೆ 622, ಅದನ್ನೂ ಹಲವರು 28 ಎಂದೇ ಕರೆಯುತ್ತಾರೆ. ನಡುವೆ 13 ಮಿಲಿಮೀಟರ್ ವ್ಯತ್ಯಾಸ. ಅಂಚಿನ ಉಕ್ಕಿನ ತಂತಿ ಹಿಗ್ಗುವುದಿಲ್ಲ, ಹಾಗಾಗಿ ಎಷ್ಟು ಮೀಟಿದರೂ ಕೂರುವುದಿಲ್ಲ. 26 ಇಂಚಿನ ಕಥೆ ಇನ್ನೂ ಮಜಾ: ಮೌಂಟನ್ ಬೈಕಿನದು 559, ಲೇಡೀಸ್ ಸೈಕಲ್ಲಿನ 26 x 1⅜ಕ್ಕೆ 590. ‘ಇಪ್ಪತ್ತಾರು ಕೊಡಿ’ ಎಂದು ಕೇಳಿದವರಿಗೆ ತಪ್ಪು ಟೈರು ಸಿಕ್ಕರೆ ಆಶ್ಚರ್ಯವೇನು?

ಟ್ಯೂಬಿಗೆ ಈ ರಗಳೆಯೂ ಇಲ್ಲ. ಅದು ಹಿಗ್ಗುವ ರಬ್ಬರು. ಅಗಲ ಸರಿಹೊಂದಿದರೆ 622ರ ಟ್ಯೂಬು 635ರ ಟೈರಿನೊಳಗೆ ನೆಮ್ಮದಿಯಾಗಿ ಇರುತ್ತದೆ. ನೋಡಬೇಕಾದ್ದು ವಾಲ್ವ್ ಮಾತ್ರ. ಹಳೆಯ ವುಡ್ಸ್ ವಾಲ್ವಿನ ತೂತಿಗೆ ಕಾರಿನ ಥರದ ಶ್ರೇಡರ್ ವಾಲ್ವ್ ಸಾಮಾನ್ಯವಾಗಿ ಹೋಗುತ್ತದೆ. ಸಪೂರ ಪ್ರೆಸ್ಟಾ ಆದರೆ ಸಡಿಲ, ವಾಷರ್ ಬೇಕು. ‘ಟ್ಯೂಬೂ ಬರೋದಿಲ್ಲ’ ಎನ್ನುವವನ ಹತ್ತಿರ ವಾದವೇ ವ್ಯರ್ಥ.

ಹಾಗಾದರೆ ಈ 635 ಎಲ್ಲಿ ಸಿಗುತ್ತದೆ? ಶೋರೂಮಿನಿಂದ ಎರಡು ಮೈಲಿ ದೂರದ ಹಳೆ ಪೇಟೆಯಲ್ಲಿ, ಗೋಡೆಗೆ ಮೊಳೆ ಹೊಡೆದು ಟೈರುಗಳ ಸರ ತೂಗುಹಾಕಿದ ಅಂಗಡಿಯಲ್ಲಿ. ದಿಲ್ಲಿಯವರಿಗೆ ಝಂಡೇವಾಲಾನ್ ಸೈಕಲ್ ಮಾರ್ಕೆಟ್ ಇದೆ. ಲುಧಿಯಾನದಲ್ಲಿ ಇವತ್ತಿಗೂ ಸೈಕಲ್ ಟೈರು ತಯಾರಾಗುತ್ತದೆ. ಯಾಕೆಂದರೆ ಇವತ್ತಿಗೂ ಅದನ್ನು ಕೊಳ್ಳುವವರಿದ್ದಾರೆ: ಹಾಲು ಹಾಕುವವರು, ಚಹಾ ಮಾರುವವರು, ಚಾಕು ಸಾಣೆ ಹಿಡಿಯುವವರು, ರಾತ್ರಿ ಪಾಳಿಯ ವಾಚ್‌ಮನ್. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒರಗಿ ನಿಂತಿರುವ ಸೈಕಲ್ಲನ್ನು ನಾವು ‘ವಿಂಟೇಜ್’ ಎನ್ನುವುದಿಲ್ಲ. ಅದೇ ಸೈಕಲ್ ಕೆಫೆಯ ಗೋಡೆ ಹತ್ತಿದರೆ ಫೋಟೊ ತೆಗೆಯುತ್ತೇವೆ. ವಿಂಟೇಜ್ ಎಂದು ಕರೆದ ಕೂಡಲೇ ಆ ವಸ್ತುವಿಗೆ ಬಿಡಿಭಾಗ ಕೇಳುವುದು ಹುಚ್ಚಾಟವಾಗುತ್ತದೆ, ಅಲಂಕಾರ ಮಾಡುವುದು ಅಭಿರುಚಿಯಾಗುತ್ತದೆ. ಈ ಪದದ ಮೇಲೆ ನನಗೆ ಸಿಟ್ಟಿರುವುದು ಅದಕ್ಕೇ.

ನನ್ನ ಉದ್ಯೋಗದ ಜನ ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ‘ಎಂಡ್ ಆಫ್ ಲೈಫ್’ ಎಂಬ ಈಮೇಲ್ ಬಂದ ದಿನ ನೆಟ್ಟಗೆ ಓಡುತ್ತಿದ್ದ ಸಾಫ್ಟ್‌ವೇರ್ ಅನಾಥವಾಗುತ್ತದೆ. ಅದರ ಬೀಗದಕೈ ಒಂದೇ ಕಂಪನಿಯ ಜೇಬಿನಲ್ಲಿರುತ್ತದೆ. 635 ಯಾರ ಜೇಬಿನಲ್ಲೂ ಇಲ್ಲ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಹಾಕಿತು. ಅಟ್ಲಾಸ್ ಸೈಕಲ್ಲಿನ ಟೈರು ಮಾತ್ರ ಬೇರೆಯವರ ಹೆಸರಿನಲ್ಲಿ ಸಿಗುತ್ತಲೇ ಇದೆ. ಕೇಂದ್ರ ಸರ್ಕಾರ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಾಗ ನಮ್ಮ ಆಫೀಸಿನಲ್ಲಿ ಅದನ್ನು ಹೊಸ ಕ್ರಾಂತಿಯೆಂದು ಕೊಂಡಾಡಿದರು. ಮರದಡಿಯ ಪಂಕ್ಚರ್ ಅಂಗಡಿಯವನಿಗೆ ಆ ಹಕ್ಕು ಯಾವತ್ತೋ ಇತ್ತು. ಅದನ್ನು ನಾವು ಬಳಸದೆ ಬಿಟ್ಟರೆ ಆಗ ಮಾತ್ರ ‘ಬರೋದಿಲ್ಲ’ ನಿಜವಾಗುತ್ತದೆ. ಬೇಡಿಕೆಯಿಲ್ಲದ ಟೈರಿಗೆ ಯಾರೂ ಅಚ್ಚು ಇಟ್ಟುಕೊಳ್ಳುವುದಿಲ್ಲ.

ನಿಜವಾಗಿ ಕಷ್ಟದ ಅಳತೆಗಳೂ ಇವೆ, ಒಪ್ಪುತ್ತೇನೆ. ಹಳೆಯ ಇಂಗ್ಲಿಷ್ ಹಗುರ ಸೈಕಲ್ಲುಗಳ 26 x 1¼, ಅಂದರೆ 597, ಇಲ್ಲಿ ಸಿಗುವುದು ದುರ್ಲಭ. ಹೊರಗಿನಿಂದ ತರಿಸಬೇಕು, ಇಲ್ಲವೇ ರಿಮ್ ಬದಲಿಸಬೇಕು. ಅಂಥವರನ್ನು ನೋಡಿಯೇ ಇನ್ನೊಂದು ಬಗೆಯ ವ್ಯಾಪಾರಿ ಹುಟ್ಟಿಕೊಂಡಿದ್ದಾನೆ: ಗೋದಾಮಿನಲ್ಲಿ ದಶಕಗಟ್ಟಲೆ ಬಿದ್ದಿದ್ದ ಟೈರನ್ನು ‘ಒರಿಜಿನಲ್, ಬಳಸಿಲ್ಲ’ ಎಂದು ಹತ್ತು ಪಟ್ಟು ಬೆಲೆಗೆ ಮಾರುವವನು. ರಬ್ಬರು ವೈನ್ ಅಲ್ಲ ಸ್ವಾಮಿ. ಪಕ್ಕೆ ಬಗ್ಗಿಸಿ ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಬಿಟ್ಟು ಬನ್ನಿ.

ನನ್ನ ಸೈಕಲ್ಲಿಗೆ ಜೋಡಿ ಟೈರು, ಎರಡು ಟ್ಯೂಬು, ಎರಡು ರಿಮ್ ಟೇಪು ಹಾಕಿಸಲು ಆದ ಖರ್ಚು ಮಾಲಿನಲ್ಲಿ ನಾವು ನಾಲ್ವರು ಒಂದು ಸಿನಿಮಾ ನೋಡಿದ್ದಕ್ಕಿಂತ ಕಡಿಮೆ. ದೀಪಾವಳಿಗೆ ಊರಿಗೆ ಹೋದಾಗ ಹಿತ್ತಿಲಿನಲ್ಲಿ ಒರಗಿಸಿಟ್ಟ ಸೈಕಲ್ಲಿನ ಟೈರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲಿನ ಟಾರ್ಚ್ ಬಿಟ್ಟು, ಆ ಮೂರು ಅಂಕಿಯನ್ನು ಬರೆದುಕೊಳ್ಳಿ. ಅಂಗಡಿಯಲ್ಲಿ ಇಂಚು ಹೇಳಬೇಡಿ, ಅದನ್ನೇ ಹೇಳಿ.