ಆಯಸ್ಸಿಗೆ ಬೆಲೆ ಹೇಳದ ಮಾರುಕಟ್ಟೆ

ಸ್ಪೇನಿನ ದಕ್ಷಿಣ ಅಂಚಿನ ಅಲ್ಮೇರಿಯಾ ಒಂದು ಕಾಲಕ್ಕೆ ಯಾರಿಗೂ ಬೇಡದ ನೆಲ. ಮಳೆ ಅಪರೂಪ, ಗಾಳಿ ವಿಪರೀತ. ಅಲ್ಲಿನ ರೈತರಿಗೆ ಕಂಬ ನೆಟ್ಟು ತಂತಿ ಎಳೆದು ದ್ರಾಕ್ಷಿ ಚಪ್ಪರ ಕಟ್ಟುವುದು ಗೊತ್ತಿತ್ತು. 1960ರ ದಶಕದಲ್ಲಿ ಅಂಥದೇ ಚಪ್ಪರಗಳ ಮೇಲೆ ಪಾಲಿಥೀನ್ ಹಾಳೆ ಹೊದಿಸುವ ಪ್ರಯೋಗ ಶುರುವಾಯಿತು. ಇಂದು ಅಲ್ಲಿ 30,000 ಹೆಕ್ಟೇರಿಗೂ ಮಿಕ್ಕಿದ ಭೂಮಿ ಪ್ಲಾಸ್ಟಿಕ್ಕಿನ ಕೆಳಗಿದೆ; ಉಪಗ್ರಹದ ಚಿತ್ರದಲ್ಲಿ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಯುರೋಪಿನ ಉತ್ತರ ಭಾಗ ಚಳಿಗಾಲದಲ್ಲಿ ತಿನ್ನುವ ಟೊಮೆಟೊ, ಸೌತೆ, ದೊಣ್ಣೆಮೆಣಸಿನಕಾಯಿಯಲ್ಲಿ ದೊಡ್ಡ ಪಾಲು ಬರುವುದು ಇಲ್ಲಿಂದ. ಇಷ್ಟನ್ನೂ ಕಾಯುತ್ತಿರುವುದು ಮಿಲಿಮೀಟರಿನ ಐದನೇ ಒಂದು ಭಾಗ ದಪ್ಪದ ಹಾಳೆ. ಕೆಲವೇ ವರ್ಷಗಳಿಗೊಮ್ಮೆ ಅದನ್ನು ಕಿತ್ತು ಹೊಸದು ಹೊದಿಸಲೇಬೇಕು.

ಪ್ಲಾಸ್ಟಿಕ್ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಜಗಳವನ್ನು ಇಲ್ಲಿ ಎತ್ತಿಕೊಳ್ಳುವ ಇರಾದೆ ನನಗಿಲ್ಲ. ನನ್ನ ತಕರಾರು ಈ ಹಾಳೆಯನ್ನು ಮಾರುವ ರೀತಿಯ ಮೇಲೆ. ಬೆಲೆ ಹೇಳುವುದು ಕಿಲೋಗೆ ಇಷ್ಟು, ಇಲ್ಲವೇ ಚದರ ಮೀಟರಿಗೆ ಇಷ್ಟು ಎಂದು. ರೈತನಿಗೆ ಬೇಕಾಗಿರುವುದು ಕಿಲೋ ಅಲ್ಲ, ವರ್ಷ. ಎಷ್ಟು ಬೆಳೆಗಳವರೆಗೆ ಇದು ಬಿಸಿಲು ಬಿಟ್ಟುಕೊಂಡು ಮಳೆ ತಡೆದು ನಿಲ್ಲುತ್ತದೆ ಎಂಬುದೇ ಅವನು ಕೊಳ್ಳುವ ವಸ್ತು. ಆ ವಸ್ತುವಿಗೆ ಮಾರುಕಟ್ಟೆ ಬೆಲೆಯನ್ನೇ ಹೇಳುವುದಿಲ್ಲ.

ಇದಕ್ಕೆ ಹಾಳೆಯ ಹುಟ್ಟಿನಲ್ಲೇ ಒಂದು ಕಾರಣವಿದೆ. ಪಾಲಿಥೀನನ್ನು ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಾಲಯದಲ್ಲಿ 1933ರಲ್ಲಿ ಕಂಡುಕೊಂಡದ್ದು ಕೃಷಿಗಾಗಿ ಅಲ್ಲ. ಮೊದಲು ಅದು ಹೆಸರು ಮಾಡಿದ್ದು ಯುದ್ಧಕಾಲದ ರೇಡಾರ್ ತಂತಿಗಳ ಹೊದಿಕೆಯಾಗಿ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮರ್ಟ್ 1948ರಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಹಸಿರುಮನೆ ಕಟ್ಟಿದರು. ಗಾಜಿಗೆ ಹಣವಿಲ್ಲದವರ ಉಪಾಯ ಅದು. ಅಂದಿನಿಂದ ಈ ಸರಕಿನ ಮೊದಲ ಗುಣ ಅಗ್ಗವಾಗಿರುವುದು ಎಂದೇ ಆಗಿಹೋಯಿತು. ನೆದರ್ಲೆಂಡ್ಸಿನ ಬೆಳೆಗಾರರು ಗಾಜಿನಲ್ಲೇ ಉಳಿದರು. ಚೀನಾ, ಸ್ಪೇನ್, ಟರ್ಕಿ, ಭಾರತದಂಥ ಕಡೆ ಪ್ಲಾಸ್ಟಿಕ್ ಹರಡಿತು. ಅಗ್ಗದ ಹಾಳೆ ಇಲ್ಲದಿದ್ದರೆ ಚೀನಾದ ಶಾಂಡಾಂಗ್ ಪ್ರಾಂತದ ಶೌಗುವಾಂಗಿನಲ್ಲಿ ನಡುಚಳಿಗಾಲಕ್ಕೆ ಸೌತೆಕಾಯಿ ಕೊಯ್ಯುವುದು ಸಣ್ಣ ರೈತನಿಗೆ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ತೊಂದರೆ ಏನೆಂದರೆ, ಹಾಳೆಯ ಆಯಸ್ಸು ಕಣ್ಣಿಗೆ ಕಾಣುವುದಿಲ್ಲ. ಬರಿಯ ಪಾಲಿಥೀನನ್ನು ಬಿಸಿಲಿಗೆ ಹಿಡಿದರೆ ನೇರಳಾತೀತ ಕಿರಣಗಳು ಅದರ ಅಣುಸರಪಳಿಯನ್ನು ತುಂಡರಿಸುತ್ತವೆ. ವರ್ಷ ತುಂಬುವುದರೊಳಗೆ ಹಾಳೆ ಪುಡಿಗಟ್ಟತೊಡಗುತ್ತದೆ. ಅದನ್ನು ವರ್ಷಗಟ್ಟಲೆ ಕಾಪಾಡುವುದು ಒಳಗೆ ಬೆರೆಸಿದ, ಸಣ್ಣ ಪ್ರಮಾಣದ, ದುಬಾರಿ ರಾಸಾಯನಿಕ. ಹನಿ ಕಟ್ಟಿ ಗಿಡದ ಮೇಲೆ ಬೀಳದಂತೆ ಒಂದು, ರಾತ್ರಿಯ ಶಾಖ ಹೊರಗೆ ಸೋರದಂತೆ ಇನ್ನೊಂದು, ಬೆಳಕು ಚದುರಿ ಎಲೆಯಡಿಗೂ ತಲುಪುವಂತೆ ಮತ್ತೊಂದು, ಹೀಗೆ ಮೂರು, ಐದು, ಏಳು ಪದರಗಳಲ್ಲಿ ಬೇರೆ ಬೇರೆ ಬೆರಕೆ. ಜಗತ್ತಿನಾದ್ಯಂತ ಹಾಳೆ ಊದುವ ಕಾರ್ಖಾನೆಗಳು ನೂರಾರು. ಬಿಸಿಲಿನಿಂದ ಕಾಪಾಡುವ ಆ ರಾಸಾಯನಿಕ ಮಾಡಬಲ್ಲವರು ಅಷ್ಟಿಲ್ಲ. ಇಸ್ರೇಲಿನ ಗಿನೆಗಾರ್ ಅಥವಾ ಗ್ರೀಸಿನ ಪ್ಲಾಸ್ಟಿಕಾ ಕ್ರಿತಿಸ್ ಮಾರುವ ಹಾಳೆಗೂ ಹೆಸರಿಲ್ಲದ ಸುರುಳಿಗೂ ದಪ್ಪ ಒಂದೇ ಇರಬಹುದು, ತೂಕ ಒಂದೇ ಇರಬಹುದು. ರೈತ ಮೈಕ್ರಾನ್ ಅಳೆದು ನೋಡಬಲ್ಲ; ಒಳಗಿನ ಬೆರಕೆಯನ್ನು ಹೇಗೆ ಅಳೆಯುತ್ತಾನೆ? ಕೊಳ್ಳುವವನಿಗೆ ಗುಣ ಕಾಣದ ಕಡೆ ಅಗ್ಗದ್ದೇ ಗೆಲ್ಲುತ್ತದೆ, ಒಳ್ಳೆಯದನ್ನು ಮಾಡುವವನು ತಾನೂ ಬೆರಕೆ ಇಳಿಸುವ ಒತ್ತಡಕ್ಕೆ ಬೀಳುತ್ತಾನೆ.

ಖಾತರಿ ಪತ್ರ ಇದೆಯಲ್ಲ ಎನ್ನಬಹುದು. ಇದೆ. ಅದರ ಸಣ್ಣ ಅಕ್ಷರಗಳನ್ನು ಓದಿದವರು ಕಡಿಮೆ. ಹಾಳೆಯ ಬಾಳಿಕೆಯನ್ನು ಪರಿಣತರು ಲೆಕ್ಕಹಾಕುವುದು ಅದರ ಮೇಲೆ ಬಿದ್ದ ಸೌರಶಕ್ತಿಯ ಮೊತ್ತದಲ್ಲಿ. ಆದ್ದರಿಂದ ಉತ್ತರ ಯುರೋಪಿನಲ್ಲಿ ನಾಲ್ಕು ವರ್ಷ ಬಾಳುವುದು ನಮ್ಮ ಬಯಲುಸೀಮೆಯ ಬಿಸಿಲಿಗೆ ಅಷ್ಟು ಬಾಳುವುದಿಲ್ಲ. ಗಂಧಕ, ಕ್ಲೋರಿನ್ ಇರುವ ಔಷಧಿಗಳು ಆ ರಕ್ಷಕ ರಾಸಾಯನಿಕವನ್ನೇ ಕೆಡಿಸುತ್ತವೆ. ಗುಲಾಬಿಗೆ ಬೂದಿರೋಗ ಬಂದಾಗ ಪಾಲಿಹೌಸಿನೊಳಗೆ ಗಂಧಕದ ಹೊಗೆ ಹಾಕುವುದು ಮಾಮೂಲಿ. ಗಿಡ ಉಳಿಸಿದ ಔಷಧಿ ಮಾಡನ್ನು ತಿನ್ನುತ್ತದೆ. ಮಿತಿ ಮೀರಿದರೆ ಖಾತರಿಯೂ ಬಿದ್ದುಹೋಗುತ್ತದೆ. ಬಿಸಿಲಿಗೆ ಕಾದ ಜಿ.ಐ. ಪೈಪಿಗೆ ತಾಗುವ ಕಡೆಯೇ ಹಾಳೆ ಮೊದಲು ಬಿರಿಯುವುದು. ಪೈಪಿಗೆ ಬಿಳಿ ಬಣ್ಣ ಬಳಿದರೆ ಬಾಳಿಕೆ ಹೆಚ್ಚುತ್ತದೆ. ಮಾರುವವನು ಆಯಸ್ಸಿನ ಹೊಣೆ ಹೊತ್ತಿದ್ದರೆ ಈ ಸಲಹೆ ಕೊಡಲು ಅವನೇ ತೋಟಕ್ಕೆ ಬರುತ್ತಿದ್ದ.

ಆಯಸ್ಸು ಮುಗಿದ ಮೇಲಿನ ಕತೆ ಇನ್ನೊಂದು. ಎಕರೆ ಪಾಲಿಹೌಸಿನ 200 ಮೈಕ್ರಾನ್ ಹೊದಿಕೆ ಸುಮಾರು ಒಂದು ಟನ್ ತೂಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಬೆಳೆ ಮತ್ತು ಪಶುಸಾಕಣೆ ವರ್ಷಕ್ಕೆ 1.25 ಕೋಟಿ ಟನ್ ಪ್ಲಾಸ್ಟಿಕ್ ಬಳಸುತ್ತವೆ. ಹಸಿರುಮನೆಯ, ಮಲ್ಚಿಂಗಿನ (ಗಿಡದ ಬುಡಕ್ಕೆ ಹಾಸುವ), ಸೈಲೇಜಿನ (ಹಸಿಮೇವು ಕಟ್ಟಿಡುವ) ಹಾಳೆಗಳ ಬೇಡಿಕೆಯೊಂದೇ 2018ರ 61 ಲಕ್ಷ ಟನ್ನಿನಿಂದ 2030ಕ್ಕೆ 95 ಲಕ್ಷಕ್ಕೆ ಏರಲಿದೆ ಎಂಬುದೂ ಅದೇ ವರದಿಯ ಲೆಕ್ಕ. 2012ರಲ್ಲಿ ಅಲ್ಮೇರಿಯಾದ ಪಕ್ಕದ ಗ್ರನಾಡ ಕರಾವಳಿಗೆ ಒಂದು ಸ್ಪರ್ಮ್ ತಿಮಿಂಗಿಲದ ಹೆಣ ಬಂತು. ಹೊಟ್ಟೆಯಲ್ಲಿ ಹದಿನೇಳು ಕಿಲೋಗೂ ಹೆಚ್ಚು ಪ್ಲಾಸ್ಟಿಕ್, ಅದರಲ್ಲಿ ಬಹುಪಾಲು ಹಸಿರುಮನೆಗಳ ಹಾಳೆ. ಅದೇ ಅಲ್ಮೇರಿಯಾದ ಬಿಳಿ ಮಾಡುಗಳು ಬಿಸಿಲನ್ನು ಆಕಾಶಕ್ಕೆ ಹಿಂದಿರುಗಿಸಿ, 1983ರಿಂದ 2006ರ ನಡುವೆ ಆ ಪ್ರದೇಶವನ್ನು ದಶಕಕ್ಕೆ 0.3 ಡಿಗ್ರಿಯಷ್ಟು ತಂಪು ಮಾಡಿದ್ದವು ಎಂದೂ ವಿಜ್ಞಾನಿಗಳು ತೋರಿಸಿದ್ದಾರೆ. ಈ ಹಾಳೆಯ ಬಗ್ಗೆ ಒಂದೇ ಮಾತಿನ ತೀರ್ಪು ಕೊಡುವುದು ಸುಲಭವಲ್ಲ.

ಹಾಗಾದರೆ ಮಣ್ಣಲ್ಲಿ ಕರಗುವ ಹಾಳೆ ಬಳಸಿ ಎಂಬ ಸಲಹೆ ತಕ್ಷಣ ಬರುತ್ತದೆ. ಮಲ್ಚಿಂಗಿಗೆ ಅದು ಸರಿ, ಒಂದು ಬೆಳೆಯ ಮಾತು. ಮಾಡಿಗೆ ಹೊಂದುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಕರಗಬಾರದು ಎನ್ನುವುದೇ ಅದರ ಕೆಲಸವಾಗಿರುವಾಗ, ಕರಗು ಎಂದೂ ಹೇಳಿದರೆ ಹೇಗೆ? ಗಾಜಿಗೆ ಮರಳಿ ಎನ್ನುವವರು ಆ ಭಾರ ಹೊರುವ ಉಕ್ಕಿನ ಚೌಕಟ್ಟಿನ ಖರ್ಚನ್ನೂ ಹೇಳಬೇಕು.

ನನಗೆ ಸರಿ ಕಾಣುವುದು ಬೇರೆ ದಾರಿ. ಹಾಳೆಯನ್ನು ಮಾರುವುದರ ಬದಲು ಅವಧಿಗೆ ಕೊಡುವುದು. ಮುಗಿದ ಮೇಲೆ ಕೊಟ್ಟವನೇ ಹಿಂದಕ್ಕೆ ಒಯ್ಯುವುದು. ಬೇಗ ಹರಿದರೆ ನಷ್ಟ ಅವನದು, ಆದ್ದರಿಂದ ಬೆರಕೆಯಲ್ಲಿ ಕೈ ಬಿಗಿ ಮಾಡುವುದಿಲ್ಲ. ಐರ್ಲೆಂಡಿನಲ್ಲಿ ಇದರ ಅರ್ಧ 1997ರಿಂದಲೇ ನಡೆಯುತ್ತಿದೆ. ಅಲ್ಲಿ ಸೈಲೇಜ್ ಹಾಳೆ ಮಾರುವ ಕಂಪನಿಗಳು ಹಳೆಯದನ್ನು ಹಿಂಪಡೆಯುವ ಹೊಣೆ ಹೊರಲೇಬೇಕು. ಖರ್ಚಿನ ಒಂದು ಭಾಗ ಹೊಸ ಹಾಳೆಯ ಬೆಲೆಯಲ್ಲೇ ಸೇರಿರುತ್ತದೆ. ಭಾರತದ 2022ರ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳು ಹಿಡಿದದ್ದು ಪ್ಯಾಕೇಜಿಂಗನ್ನು. ತರಕಾರಿ ಕಟ್ಟಿದ ಚೀಲಕ್ಕೆ ಹೊಣೆಗಾರನಿದ್ದಾನೆ, ತರಕಾರಿ ಬೆಳೆದ ಮಾಡಿಗೆ ಇಲ್ಲ.

ಬೆಲೆ ಏರುತ್ತದೆ, ಸಣ್ಣ ರೈತ ಎಲ್ಲಿಂದ ತರಬೇಕು ಎಂಬ ಆಕ್ಷೇಪಣೆ ತಳ್ಳಿಹಾಕುವಂಥದ್ದಲ್ಲ. ಆದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಪಾಲಿಹೌಸುಗಳು ಬರೀ ಮಾರುಕಟ್ಟೆಯ ಬಲದಿಂದ ಎದ್ದವಲ್ಲ. 2005-06ರಲ್ಲಿ ಶುರುವಾದ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಮತ್ತು ಅದರ ಮುಂದುವರಿಕೆಯಲ್ಲಿ ನಿಗದಿತ ವೆಚ್ಚದ ಅರ್ಧದಷ್ಟು ಸಹಾಯಧನ ಸಿಕ್ಕಿದೆ. ಸರ್ಕಾರವೇ ಇಷ್ಟು ದೊಡ್ಡ ಗಿರಾಕಿಯಾಗಿರುವಾಗ ಷರತ್ತು ಹಾಕಲು ಯಾರ ಅಪ್ಪಣೆ ಬೇಕು? ಸಹಾಯಧನದ ಕಡತದಲ್ಲಿ ದಪ್ಪ, ಅಳತೆ, ಬಿಲ್ಲುಗಳ ಜೊತೆಗೆ ಇನ್ನೆರಡು ಕಾಗದ ಕೇಳಿದರೆ ಸಾಕು: ಆ ಜಿಲ್ಲೆಯ ಬಿಸಿಲಿಗೆ ಲೆಕ್ಕ ಹಾಕಿದ ಬಾಳಿಕೆಯ ಖಾತರಿ, ಹಳೆ ಹಾಳೆ ಹಿಂಪಡೆಯುವ ಒಪ್ಪಂದ.

ಹಳೆಯ ಹಾಳೆ ಈಗಲೂ ಪೂರಾ ಬೀದಿಪಾಲಾಗುವುದಿಲ್ಲ. ಗುಜರಿಯವರು ಕೊಳ್ಳುತ್ತಾರೆ, ಕೊಟ್ಟಿಗೆಯ ಮಾಡಿಗೆ, ಹುಲ್ಲಿನ ಬಣವೆಗೆ ಒಂದಷ್ಟು ಹೋಗುತ್ತದೆ. ಬಿಸಿಲಿಗೆ ಬೆಂದು ಪಾಚಿ ಕಟ್ಟಿದ್ದಕ್ಕೆ ಮಾತ್ರ ಬೆಲೆ ಸಿಗದು, ಅದು ಬದುವಿನಲ್ಲಿ ಸುಡುತ್ತದೆ. ಹಿಂಪಡೆಯುವ ವ್ಯವಸ್ಥೆ ಗುಜರಿಯವರನ್ನು ಹೊರಗಿಟ್ಟು ಹೊಸ ಲಾರಿಗಳನ್ನು ತರಬೇಕಿಲ್ಲ. ಕೊಳಕು ಹಾಳೆಗೂ ಕಿಲೋಗೆ ಇಷ್ಟು ಎಂದು ಕಂಪನಿ ಮೊದಲೇ ಕಟ್ಟಿದ ಠೇವಣಿಯಿಂದ ಅವರಿಗೆ ಕೊಟ್ಟರೆ, ಚಿಂದಿಯನ್ನೂ ಆಯ್ದು ಒಯ್ಯುತ್ತಾರೆ.

ಈ ವಾದ ಮಲ್ಚಿಂಗ್ ಪೇಪರಿನ ತನಕ ಎಳೆದರೆ ನಿಲ್ಲುವುದಿಲ್ಲ. ಕೂದಲಿಗಿಂತ ತೆಳ್ಳಗಿನ ಅದನ್ನು ಮಣ್ಣಿನಿಂದ ಬಿಡಿಸಿ ಯಾರೂ ಹಿಂದಕ್ಕೆ ಕೊಡಲಾರರು. ಚೀನಾ ತನ್ನ ಹೊಲಗಳಲ್ಲಿ ಪದರ ಪದರವಾಗಿ ಹೂತುಹೋದ ಚೂರುಗಳನ್ನು ನೋಡಿದ ಮೇಲೆ 2017ರ ಮಾನದಂಡದಲ್ಲಿ ಕನಿಷ್ಠ ದಪ್ಪವನ್ನು 8ರಿಂದ 10 ಮೈಕ್ರಾನಿಗೆ ಏರಿಸಿತು, ಎತ್ತುವಾಗ ಹರಿಯದಿರಲಿ ಎಂದು. ಅಲ್ಲಿ ದಪ್ಪದ ಕಾನೂನು ಬೇಕು, ಕರಗುವ ಹಾಳೆಯೂ ಬೇಕು. ಮಾಡಿನ ಹಾಳೆಯದು ಸಲೀಸು: ಅದು ಕೈಗೆ ಸಿಗುವಂತೆ ಮೇಲೇ ಇರುತ್ತದೆ, ಇಳಿಸುವ ದಿನವೂ ಗೊತ್ತಿರುತ್ತದೆ, ಯಾರು ಕೊಟ್ಟದ್ದು ಎಂಬುದು ಬಿಲ್ಲಿನಲ್ಲಿರುತ್ತದೆ.