ಕೂಲಿಯಿಲ್ಲದ ಕೆಲಸಕ್ಕೂ ಬೈಲಾ ಬೇಕು

ಸಹಕಾರ ಸಂಘದ ಬೈಲಾವನ್ನು ಸದಸ್ಯರು ಬಿಚ್ಚಿ ಓದುವುದು ಸಾಮಾನ್ಯವಾಗಿ ತಕರಾರು ಬಂದಾಗ. ಅಲ್ಲಿಯವರೆಗೆ ಅದು ಕಾರ್ಯದರ್ಶಿಗಳ ಬೀರುವಿನಲ್ಲಿ ಭದ್ರವಾಗಿರುತ್ತದೆ. ಆದರೆ ಬೈಲಾವೇ ಇಲ್ಲದ ಕಡೆ ತಕರಾರು ಬಂದರೆ ಏನಾಗುತ್ತದೆಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಸಂಘಗಳಿಗೆ ನೋಂದಣಿಯ ದಿನದಿಂದಲೇ ಬೈಲಾ ಇದೆ. ಬೈಲಾ ಇಲ್ಲದೆ ಹುಟ್ಟಿ, ಪೆಟ್ಟು ತಿಂದು, ಆಮೇಲೆ ಕಟ್ಟಳೆ ಬರೆದುಕೊಂಡ ಒಂದು ಬಗೆಯ ಸಹಕಾರವಿದೆ. ಅದು ಕಂಪ್ಯೂಟರ್ ತಂತ್ರಾಂಶದ ಸಹಕಾರ. ಅದರ ಬಗ್ಗೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳಬಯಸುತ್ತೇವೆ.

ವಿಷಯ ತೋಟಕ್ಕೆ ದೂರದ್ದೆಂದು ಬೆಳೆಗಾರ ಬಾಂಧವರು ಪುಟ ಮಗುಚಬಾರದು. ಮೂಡಿಗೆರೆಯ ಬೆಳೆಗಾರರು ಮೊಬೈಲಿನಲ್ಲಿ ಕಾಫಿ ದರ ನೋಡುತ್ತಾರೆ. ಘಟಪ್ರಭೆಯ ಸೀಮೆಯ ಮಸಗುಪ್ಪಿಯ ರೈತರು ಅದೇ ರೀತಿ ಮೊಬೈಲಿನಲ್ಲಿ ಕಬ್ಬಿನ ಬಿಲ್ಲಿನ ಸುದ್ದಿ ಕೇಳುತ್ತಾರೆ. ಇಬ್ಬರ ಕೈಯಲ್ಲಿರುವುದೂ ಆಂಡ್ರಾಯ್ಡ್ ಫೋನಾಗಿದ್ದರೆ ಅದರ ತಳಪಾಯ ಒಂದೇ: 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಇಂದು ದೊಡ್ಡ ಕಂಪನಿಗಳೂ ಅದಕ್ಕೆ ಸಂಬಳದ ಜನರನ್ನು ಹಚ್ಚಿವೆ. ಆದರೂ ಅದರ ಸುತ್ತ ಇರುವ ನೂರಾರು ಸಣ್ಣ ತಂತ್ರಾಂಶಗಳನ್ನು ಈಗಲೂ ನೋಡಿಕೊಳ್ಳುತ್ತಿರುವವರು ಬಿಡುವಿನ ವೇಳೆಯಲ್ಲಿ ಕೂಲಿಯಿಲ್ಲದೆ ದುಡಿಯುವವರು.

ಇದಕ್ಕೆ ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎಂದು ಹೆಸರು. ಕಾಫಿ ಮಂಡಳಿಯ ಪೂಲ್ ಪದ್ಧತಿ ಹಿರಿಯ ಬೆಳೆಗಾರರಿಗೆ ನೆನಪಿರುತ್ತದೆ. 1990ರ ದಶಕದಲ್ಲಿ ಅದು ಮುಗಿಯುವವರೆಗೆ ಎಲ್ಲರ ಕಾಫಿಯೂ ಒಂದೇ ಲೆಕ್ಕಕ್ಕೆ ಸೇರುತ್ತಿತ್ತು. ಮುಕ್ತ ತಂತ್ರಾಂಶವೂ ಅಂಥದೊಂದು ಪೂಲ್. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ವ್ಯತ್ಯಾಸ ಎರಡೇ. ಎಷ್ಟು ಜನ ಕೊಂಡೊಯ್ದರೂ ಈ ರಾಶಿ ಕರಗುವುದಿಲ್ಲ; ರಾಶಿಗೆ ಹಾಕಿದವರಿಗೆ ಕಂತಿನ ಹಣವೂ ಬರುವುದಿಲ್ಲ.

ಕನ್ನಡಕ್ಕೆ ಇದು ನೆರೆಮನೆಯ ವಿಷಯವಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಬರೆದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಶ್ರಮಿಸಿದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಹೊರಬಂದ ತುಳು ವಿಕಿಪೀಡಿಯ, ಎರಡೂ ಇಂಥ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ. ಬರೆಯುವವರೂ ತಿದ್ದುವವರೂ ಸ್ವಯಂಸೇವಕರೇ. ಕನ್ನಡ ವಿಕಿಪೀಡಿಯದವರು ತಮ್ಮ ಸಾಮೂಹಿಕ ಚರ್ಚೆಯ ಜಾಗಕ್ಕೆ ಅರಳಿ ಕಟ್ಟೆ ಎಂದು ಹೆಸರಿಟ್ಟಿರುವುದು ಸೊಗಸಾಗಿದೆ. ಸಣ್ಣ ಭಾಷೆಗಳ ವಿಕಿಗಳಲ್ಲಿ ಅಭಿಪ್ರಾಯ ಹೇಳುವ ಜನ ಕಡಿಮೆಯಿದ್ದರೆ ನಿರ್ವಾಹಕನ ಅಧಿಕಾರವನ್ನು ಗೊತ್ತಾದ ಅವಧಿಗೆ ಮಾತ್ರ ಕೊಡುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಎಲ್ಲರ ಒಪ್ಪಿಗೆ ಪಡೆಯಬೇಕು. ಅರಳಿಕಟ್ಟೆಗೂ ಕಟ್ಟಳೆ ಬೇಕೆಂಬುದಕ್ಕೆ ಇದು ಮನೆಯೊಳಗಿನ ಸಾಕ್ಷಿ.

ಇಂಥ ಯಾವ ಬಳಗವಾದರೂ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಡಬೇಕೆಂಬುದು ನಮ್ಮ ಅಭಿಪ್ರಾಯ. ಕೀಲಿ ಯಾರ ಕೈಯಲ್ಲಿ? ಒಮ್ಮತ ಬಾರದಿದ್ದರೆ ತೀರ್ಮಾನ ಯಾರದು? ಮುಂದಾಳು ಇಳಿಯುವ ದಾರಿ ಯಾವುದು?

ಮೊದಲನೆಯದು ಕೀಲಿ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವೊಂದಿದೆ. ಲಿನಕ್ಸ್ ಇರುವ ಹೆಚ್ಚಿನ ಯಂತ್ರಗಳಲ್ಲಿ ಅದು ಇರುತ್ತದೆ. ಬಹಳ ವರ್ಷ ಅದನ್ನು ಹೆಚ್ಚುಕಡಿಮೆ ಒಬ್ಬರೇ ಬಿಡುವಿನಲ್ಲಿ ನೋಡಿಕೊಂಡರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬರು ನೆರವಿಗೆ ಬಂದು, ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕೀಲಿಯನ್ನೂ ಪಡೆದರು. 2024ರ ಮಾರ್ಚಿಯಲ್ಲಿ ನೋಡಿದರೆ ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲು ಇಟ್ಟದ್ದು ಬಯಲಾಯಿತು. ಯಂತ್ರದೊಳಗೆ ಪ್ರವೇಶ ಪಡೆಯಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೇಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೆನ್ನು ಹತ್ತದಿದ್ದರೆ ಅದು ಲೋಕವೆಲ್ಲ ಹರಡುತ್ತಿತ್ತು. ಚಾಲಿಯ ಮೂಟೆಗೆ ಕರಿಗೋಟು ಬೆರೆತಿದ್ದರೆ, ಸುರಿದು ನೋಡುವವರು ಇಬ್ಬರಿದ್ದಾಗ ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ಗೋದಾಮಿನಲ್ಲಿ ನಾವು ಪಾಲಿಸುವ ಈ ಸಣ್ಣ ಎಚ್ಚರ ಅಲ್ಲಿ ಇರಲಿಲ್ಲ. ಒಬ್ಬರೇ ದಣಿದು ದುಡಿಯುವ ಕಡೆ ಅದು ಇರುವುದೂ ಕಷ್ಟ.

ಎರಡನೆಯದು ತೀರ್ಮಾನ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬಳಗ 1998ರಲ್ಲಿ ತನಗೊಂದು ಸಂವಿಧಾನ ಬರೆದುಕೊಂಡಿತು. ಮುಂದಾಳುವಿನ ಆಯ್ಕೆ ವರ್ಷಕ್ಕೊಮ್ಮೆ. ಮತಪತ್ರದಲ್ಲಿ ಇವರಲ್ಲಿ ಯಾರೂ ಬೇಡ ಎನ್ನುವ ಅವಕಾಶವೂ ಉಂಟು. ಅದೇ ಗೆದ್ದರೆ ಚುನಾವಣೆ ಮತ್ತೆ ನಡೆಯಬೇಕು. ಮುಂದಾಳುವಿನ ತೀರ್ಮಾನವನ್ನು ಸದಸ್ಯರು ಮತ ಹಾಕಿ ತಳ್ಳಿಹಾಕಬಹುದು, ಅವರನ್ನೇ ಕೆಳಗಿಳಿಸಬಹುದು. ನಮ್ಮ ಮಹಾಸಭೆಗಿರುವ ಅಧಿಕಾರವೇ ಇದು.

ಮೂರನೆಯದು ಇಳಿಯುವ ದಾರಿ. ಪೈಥಾನ್ ಎಂಬ ಪ್ರಸಿದ್ಧ ಕಂಪ್ಯೂಟರ್ ಭಾಷೆಯ ಜನಕ ಗೀಡೋ ವಾನ್ ರೋಸಮ್ ಅವರನ್ನು ಬಳಗದವರು ಪ್ರೀತಿಯಿಂದ ಆಜೀವ ಸರ್ವಾಧಿಕಾರಿ ಎಂದೇ ಕರೆಯುತ್ತಿದ್ದರು. ಒಂದು ತಿದ್ದುಪಡಿಯ ಬಗ್ಗೆ ಕಹಿಯಾದ ವಾದ ನಡೆದು ಬೇಸತ್ತು ಅವರು 2018ರ ಜುಲೈನಲ್ಲಿ ಆ ಸ್ಥಾನ ಬಿಟ್ಟರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಮುಂದಿನ ವ್ಯವಸ್ಥೆ ಹೇಗೆಂದು ಚರ್ಚಿಸಿ ಮತ ಹಾಕುವುದರಲ್ಲಿ ಆ ವರ್ಷ ಕಳೆಯಿತು. ಕೊನೆಗೆ ಐವರ ಚುನಾಯಿತ ಮಂಡಳಿ ಬಂತು. ಅದರ ಒಂದು ನಿಯಮವನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು: ಐವರಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಂದೇ ಕಂಪನಿಯ ನೌಕರರಾಗಿರಕೂಡದು.

ಇಷ್ಟಾದರೂ ಸರಿಹೋಗದಿದ್ದರೆ? ಮುಕ್ತ ತಂತ್ರಾಂಶದಲ್ಲಿ ಬೇರೆಯಾಗುವ ಹಕ್ಕು ಎಲ್ಲರಿಗೂ ಇದೆ. ಜಮೀನು ಹಿಸ್ಸೆಯಾದರೆ ಇಬ್ಬರಿಗೂ ಅರ್ಧರ್ಧ. ಇಲ್ಲಿ ಹಿಸ್ಸೆಯಾದರೂ ಇಬ್ಬರಿಗೂ ಪೂರ್ತಿ. ಓಪನ್‌ಆಫೀಸ್ ತಂತ್ರಾಂಶ ಒರಾಕಲ್ ಕಂಪನಿಯ ವಶಕ್ಕೆ ಹೋದಾಗ ದುಡಿಯುವವರಲ್ಲಿ ಅನೇಕರು 2010ರ ಸೆಪ್ಟೆಂಬರಿನಲ್ಲಿ ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಮೂಲ ಬರಹ ಅವರ ಜತೆ ಬಂತು. ಹಳೆಯ ಹೆಸರು ಮಾತ್ರ ಬರಲಿಲ್ಲ. ಹೆಸರು, ವಿಳಾಸ, ಬ್ಯಾಂಕಿನ ಖಾತೆ ಇವು ಹಂಚಲಾಗದ ಆಸ್ತಿ. ಅವು ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ ಬಳಗದ ಶ್ರಮವೆಲ್ಲ ಆ ವ್ಯಕ್ತಿಯ ಸೌಜನ್ಯದ ಮೇಲೆ ನಿಂತಿರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ತಂತ್ರದ ವಿಷಯ ತಂತ್ರ ಬಲ್ಲವರಿಗೇ ಬಿಡಬೇಕು, ಅಲ್ಲಿ ಮತ, ಸಭೆ ಏಕೆ ಎನ್ನುವುದು. ಗೋಕಾಕದ ಪಕ್ಕದ ಹುಕ್ಕೇರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಆ ತಾಲ್ಲೂಕಿನಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ಕರೆಂಟು ಹಂಚುತ್ತಿದೆ. ಕಂಬ ಹತ್ತುವುದು ಲೈನ್‌ಮನ್ ಕೆಲಸ, ಅದಕ್ಕೆ ಯಾರೂ ಮತ ಹಾಕುವುದಿಲ್ಲ. ಸಂಘವನ್ನು ಯಾರು ನಡೆಸಬೇಕೆಂಬುದು ಸದಸ್ಯರ ಮಾತು. ತಂತಿಗೆ ಸಲ್ಲುವ ಈ ವಿವೇಕ ತಂತ್ರಾಂಶಕ್ಕೆ ಏಕೆ ಸಲ್ಲಬಾರದು?

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸಂಬಳವಿಲ್ಲದೆ ಬಂದವರನ್ನು ನಿಯಮ ಹೇಳಿ ಕಟ್ಟಿಹಾಕಿದರೆ ಅವರು ಎದ್ದು ಹೋಗುತ್ತಾರೆ ಎಂಬುದು. ಇದು ನಿಜವೇ. ಡೆಬಿಯನ್ನಿನ ಸಂವಿಧಾನ ಇದನ್ನು ಮೊದಲೇ ಯೋಚಿಸಿದೆ. ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಹೊರೆಯಿಲ್ಲ, ಬೇಡವಾದ ಕೆಲಸ ಬಿಡಬಹುದು. ಆದರೆ ನಿಯಮದಂತೆ ಆದ ತೀರ್ಮಾನವನ್ನು ಕೆಡಿಸುವ ಕೆಲಸ ಮಾಡಕೂಡದು ಎಂಬುದು ಅದರ ತಾತ್ಪರ್ಯ. ಸ್ವಯಂಸೇವೆಗೆ ತಕ್ಕ ಕಟ್ಟಳೆ ಇದು. ಜನರನ್ನು ಓಡಿಸುವುದು ನಿಯಮಕ್ಕಿಂತ ಹೆಚ್ಚಾಗಿ, ನಿಯಮವಿಲ್ಲದ ಕಡೆ ಗಟ್ಟಿ ದನಿಯವರು ನಡೆಸುವ ದರ್ಬಾರು.

ಆದ್ದರಿಂದ ನಮ್ಮ ಮಾತು ಇಬ್ಬರಿಗೆ. ಮೊದಲನೆಯದಾಗಿ, ಬೆಂಗಳೂರಿನಲ್ಲೋ ಊರಲ್ಲೋ ಕುಳಿತು ಕನ್ನಡದ ಅಕ್ಷರ, ಕೀಲಿಮಣೆ, ನಿಘಂಟುಗಳಿಗಾಗಿ ದುಡಿಯುವ ನಮ್ಮ ಮಕ್ಕಳಿಗೆ. ಐದು ಜನರ ಬಳಗಕ್ಕೆ ಐವತ್ತು ಪುಟದ ಸಂವಿಧಾನ ಬೇಡ, ಒಂದು ಪುಟ ಸಾಕು. ಕೀಲಿ ಕಡೇಪಕ್ಷ ಇಬ್ಬರಲ್ಲಿರಲಿ. ತೀರ್ಮಾನಗಳು ಎಲ್ಲರಿಗೂ ಕಾಣುವಲ್ಲಿ ಬರಹದಲ್ಲಿರಲಿ. ಅಧಿಕಾರಕ್ಕೆ ಅವಧಿಯಿರಲಿ. ಹೆಸರು ಮತ್ತು ಹಣ ಯಾರ ವಶವೆಂದು ಬರೆದಿರಲಿ. ಎಲ್ಲರೂ ಸ್ನೇಹದಿಂದಿರುವಾಗಲೇ ಇದನ್ನು ಬರೆಯಬೇಕು. ಜಗಳದ ನಡುವೆ ಬರೆದ ನಿಯಮ ಗೆದ್ದವರ ನಿಯಮವಾಗುತ್ತದೆ. ಒಬ್ಬರೇ ನೋಡಿಕೊಳ್ಳುವ ಕನ್ನಡದ ತಂತ್ರಾಂಶ ಅವರು ದಣಿದ ದಿನ ನಿಂತುಹೋಗುತ್ತದೆ. ನಷ್ಟ ಅದನ್ನು ನಂಬಿದ ಸಾವಿರಾರು ಜನರದು.

ಎರಡನೆಯದಾಗಿ, ನಮ್ಮದೇ ಸಂಘಗಳಿಗೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿದರು. ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಆದರೆ ಒಂದೇ ಮನೆಯವರು ಆಡಳಿತ ಮಂಡಳಿಯಲ್ಲಿ ಎಷ್ಟು ಜನ ಇರಬಹುದು, ಒಬ್ಬರೇ ಎಷ್ಟು ಅವಧಿ ಕೂರಬಹುದು ಎಂಬ ಪ್ರಶ್ನೆಗಳನ್ನು ನಮ್ಮ ಮಹಾಸಭೆಗಳಲ್ಲಿ ಎತ್ತುವವರು ಕಡಿಮೆ. ಕೂಲಿಯಿಲ್ಲದೆ ದುಡಿಯುವ ಹುಡುಗರು ಈ ಪ್ರಶ್ನೆ ಕೇಳಿ ಉತ್ತರ ಬರೆದಿಟ್ಟಿದ್ದಾರೆ. ಷೇರು ಹಣ ಹಾಕಿದ ನಾವು ಕೇಳದಿರುವುದು ಸರಿಯಲ್ಲ.

ಈ ಸಲದ ಮಹಾಸಭೆಯ ನೋಟಿಸು ಕೈಗೆ ಬಂದಾಗ ಸದಸ್ಯರು ಬೈಲಾದ ಪ್ರತಿಯನ್ನೂ ಕಾರ್ಯದರ್ಶಿಗಳಿಂದ ಕೇಳಿ ಪಡೆದು ಓದಬೇಕೆಂದು ನಾವು ವಿನಂತಿಸುತ್ತೇವೆ. ತಕರಾರು ಇಲ್ಲದಿರುವ ವರ್ಷವೇ ಅದನ್ನು ತಿದ್ದಲು ತಕ್ಕ ವರ್ಷ.