ಮಡಿಸಲಾಗದ ಮಂಡಿ

ಮಕ್ಕಳೇ, ಚಕ್ಕಳಮಕ್ಕಳ ಹಾಕಿ ಕುಳಿತು ಇದನ್ನು ಓದುತ್ತಿದ್ದೀರಾ? ಹಾಗಾದರೆ ನಿಮ್ಮ ಮಂಡಿ 110 ಡಿಗ್ರಿಗಿಂತ ಹೆಚ್ಚೇ ಮಡಿಸಿದೆ. ಕಾಲು ನೆಟ್ಟಗೆ ಚಾಚಿದರೆ ಸೊನ್ನೆ. ಸಮತಟ್ಟು ನೆಲದಲ್ಲಿ ನಡೆಯಲು 70ರಷ್ಟು ಸಾಕು. ಕುರ್ಚಿಯಿಂದ ಏಳಲು 90ರ ಆಸುಪಾಸು. ಪಂಕ್ತಿಯೂಟ, ಪೂಜೆ, ಹಳೇ ಮಾದರಿಯ ಕಕ್ಕಸು, ಇವಕ್ಕೆಲ್ಲ ಇನ್ನೂ ಜಾಸ್ತಿ ಬೇಕು.

ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗನಿಗೆ ಉಳಿದದ್ದು ಬರೀ 30. ಅಪಘಾತದಲ್ಲಿ ತೊಡೆಮೂಳೆ ಮುರಿದು, ತಿಂಗಳುಗಟ್ಟಲೆ ಕಾಲು ಅಲುಗಾಡಿಸದೆ ಇಟ್ಟಿದ್ದರು. ಮೂಳೆ ಚೆನ್ನಾಗಿಯೇ ಕೂಡಿತು. ಆದರೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಹೋಗಿ ಮೂಳೆಗೇ ಅಂಟಿಕೊಂಡಿತು. ಬಸ್ಸಿನಲ್ಲಿ ಅವನ ಕಾಲು ದಾರಿಗೆ ಅಡ್ಡ. ಹತ್ತಿದವರೆಲ್ಲ "ಕಾಲು ತೆಗಿಯಪ್ಪಾ" ಅನ್ನುವವರೇ. ತೆಗೆದು ಎಲ್ಲಿಡುತ್ತಾನೆ?

ಬೇಗ ಗೊತ್ತಾದರೆ ವ್ಯಾಯಾಮದಲ್ಲೇ ಸರಿಹೋಗಬಹುದು. ಇಲ್ಲವೇ ಅರಿವಳಿಕೆ ಕೊಟ್ಟು ವೈದ್ಯರೇ ಮೆಲ್ಲಗೆ ಬಗ್ಗಿಸುತ್ತಾರೆ. ತಡವಾದ ಮೇಲೆ ಹಾಗೆ ಬಗ್ಗಿಸಹೋದರೆ ಮೂಳೆ ಮುರಿದೀತು. ಕೀಲಿನೊಳಗಷ್ಟೇ ಅಂಟಿದ್ದರೆ ಸಣ್ಣ ರಂಧ್ರದಲ್ಲಿ ದುರ್ಬೀನು ತೂರಿಸಿ ಬಿಡಿಸುವುದುಂಟು. ಸ್ನಾಯುವೇ ಅಂಟಿದ್ದರೆ ತೊಡೆ ತೆರೆಯಬೇಕು. ಇದಕ್ಕೆ ಕ್ವಾಡ್ರಿಸೆಪ್ಸ್‌ಪ್ಲಾಸ್ಟಿ ಎಂದು ಹೆಸರು. 1944ರಲ್ಲಿ ಅಮೆರಿಕದ ಥಾಂಪ್ಸನ್ ಒಂದು ವಿಧಾನ ಪ್ರಕಟಿಸಿದರು. ಮಂಡಿಯೇನೋ ಬಗ್ಗಿತು, ಆದರೆ ಕೆಲವರಿಗೆ ಕಾಲನ್ನು ಪೂರ್ತಿ ನೆಟ್ಟಗೆ ಎತ್ತುವ ಬಲ ಕುಗ್ಗಿತು. 1959ರಲ್ಲಿ ಫ್ರಾನ್ಸಿನ ಜೂಡೆ ಬೇರೆ ದಾರಿ ತೋರಿಸಿದರು. ಸ್ನಾಯುವನ್ನು ಹಂತಹಂತವಾಗಿ ಬಿಡಿಸುವುದು, ಪ್ರತಿ ಹಂತದಲ್ಲೂ ಮಂಡಿ ಬಗ್ಗಿಸಿ ನೋಡುವುದು, ಸಾಲದಿದ್ದರೆ ಮೇಲ್ತುದಿಯನ್ನೂ ಬಿಡಿಸಿ ಇಡೀ ಸ್ನಾಯುವನ್ನು ಕೆಳಕ್ಕೆ ಜಾರಿಸುವುದು. ಎಷ್ಟು ಬೇಕೋ ಅಷ್ಟೇ. ಗುಮಾಸ್ತನಾದ ನನಗೆ ಈ ಜಿಪುಣತನ ಬಹಳ ಹಿಡಿಸಿತು.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ. ಪಾಡು ಶುರುವಾಗುವುದು ಆಮೇಲೆ. ನೋವೆಂದು ಮಂಡಿ ಆಡಿಸದೆ ಬಿಟ್ಟರೆ ಮತ್ತೆ ಅಂಟಿಕೊಳ್ಳುತ್ತದೆ. ಅದಕ್ಕೇ ಅಪ್ಪ ಅಮ್ಮಂದಿರು ಖರ್ಚೆಷ್ಟು ಎಂದು ಕೇಳುವ ಮೊದಲು, ವ್ಯಾಯಾಮ ಎಷ್ಟು ತಿಂಗಳು, ಮಾಡಿಸುವವರು ಯಾರು ಎಂದು ಕೇಳಬೇಕು. ಈ ಹುಡುಗನ ಅಜ್ಜಿ "ಪಾಪ, ಬಿಡ್ರೋ ಮಗೂನ" ಎಂದು ಅಡ್ಡ ಬರುತ್ತಿದ್ದರು. ವ್ಯಾಯಾಮದ ಹೊತ್ತಿಗೆ ಅವರನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಅವನ ತಂಗಿ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹಿಡಿದು ದಿನಾ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಮೊನ್ನೆ 95 ಇತ್ತು. ಸೈಕಲ್ ತುಳಿಯಲು ಇನ್ನೊಂದು 15 ಬೇಕಂತೆ.